ಮುತ್ತಜ್ಜ ಮಸ್ಕತ್ ತಲುಪಿದ್ದರು

ಹಡಗು ಒಡೆದರೂ ಬದುಕಿ, ಊರು ಸೇರಿ, ಮದುವೆಯಾಗಿ, ಮೊಮ್ಮಕ್ಕಳನ್ನು ತೊಡೆಯ ಮೇಲೆ ಆಡಿಸಿ, ತಮ್ಮದೇ ಹಾಸಿಗೆಯಲ್ಲಿ ಕಣ್ಣು ಮುಚ್ಚಿದ ನನ್ನ ಮುತ್ತಜ್ಜನನ್ನು ನಾನು ಒಂದೇ ಮಾತಿನಲ್ಲಿ ಸಮುದ್ರಕ್ಕೆ ನೂಕಿದೆ. 'ಬಹುಶಃ ದಾರಿಯಲ್ಲೇ ಮುಳುಗಿರಬೇಕು' ಎಂದೆ. ಕೇಳಿದವರು ಎಂಬತ್ತರ ಆಸುಪಾಸಿನ ಒಬ್ಬ ಒಮಾನಿ ಅಜ್ಜಿ. ಅವರ ಮನೆಯವರು ತಲೆಮಾರುಗಳಿಂದ ಕಾಯುತ್ತಿದ್ದದ್ದು ಒಂದೇ ಉತ್ತರಕ್ಕೆ — ಆ ಮನುಷ್ಯ ಮಸ್ಕತ್ ತಲುಪಿದನೋ ಇಲ್ಲವೋ. ನನಗೆ ಉತ್ತರ ಗೊತ್ತಿತ್ತು. ಗೊತ್ತಿತ್ತು ಎನ್ನುವುದೇನು, ಆ ಉತ್ತರ ನಾನೇ ಆಗಿದ್ದೆ. ಅವರು ತಲುಪದೇ ಹೋಗಿದ್ದರೆ ಇದನ್ನು ಬರೆಯಲು ನಾನೆಲ್ಲಿರುತ್ತಿದ್ದೆ?

ಆರೇಳು ವರ್ಷ ಈ ಮಾತನ್ನು ಯಾರಿಗೂ ಹೇಳಲಿಲ್ಲ. ಗಂಡನಿಗೂ ಇಲ್ಲ. ಈಗ ನಿಮ್ಮ ಮುಂದೆ ಹೇಳುತ್ತಿದ್ದೇನೆ. ಹೇಳಿದ ಮೇಲೆ ನನ್ನನ್ನು ಏನು ಬೇಕಾದರೂ ಅನ್ನಿ. ಆದರೆ ಕೇಳುವಾಗ ಆ ಅಜ್ಜಿಯ ಮನೆಯವರನ್ನು ಸ್ವಲ್ಪ ನೆನೆಸಿಕೊಳ್ಳಿ — ನನ್ನ ಮಟ್ಟಿಗೆ ಈ ಬರಹ ತಪ್ಪೊಪ್ಪಿಗೆ ಎಷ್ಟೋ, ಕೃತಜ್ಞತೆಯೂ ಅಷ್ಟೇ.

ಉಡುಪಿಯಿಂದ ಉತ್ತರಕ್ಕೆ, ಹೊಳೆ ಸಮುದ್ರ ಸೇರುವ ಕಡೆ ನಮ್ಮೂರು. ನಮ್ಮದು ಅಡುಗೆಯವರ ಮನೆತನ. ಮುತ್ತಜ್ಜ ಅನಂತ ಭಟ್ಟರು ಬ್ರಿಟಿಷರ ಕಾಲದಲ್ಲಿ, ಇನ್ನೂ ಮೀಸೆ ಮೂಡುವ ವಯಸ್ಸಿನಲ್ಲಿ, ಹೆಂಚು ಹೇರಿಕೊಂಡು ಬಸ್ರಾಕ್ಕೆ ಹೊರಟ ಮಂಜಿ ಹತ್ತಿದರು. ಮಂಜಿ ಎಂದರೆ ನಮ್ಮ ಕರಾವಳಿಯ ಸರಕಿನ ಹಾಯಿಹಡಗು. ಬಸ್ರಾದಲ್ಲಿ ಯಾರೋ ಹಿಂದೂ ವ್ಯಾಪಾರಿಯ ಮನೆಗೆ ಅಡುಗೆಗೆ ಬ್ರಾಹ್ಮಣರು ಬೇಕಿತ್ತಂತೆ. ಹೊರ್ಮುಜ್ ಜಲಸಂಧಿಯ ಹತ್ತಿರ ಬಿರುಗಾಳಿಗೆ ಸಿಕ್ಕಿ ಮಂಜಿ ಬಂಡೆಗೆ ಬಡಿದು ಒಡೆಯಿತು.

ಮುಂದಿನದು ನಮಗೆಲ್ಲ ಚಿಕ್ಕಂದಿನಿಂದ ಬಾಯಿಪಾಠ. ಮುತ್ತಜ್ಜ ಒಬ್ಬರೇ ಬದುಕಿದರು. ನಿರ್ಜನ ಬಂಡೆಗಳ ನಡುವೆ ಒಂದು ಗುಹೆಯಲ್ಲಿ, ತಿಂಗಳುಗಟ್ಟಲೆ, ಬರೀ ಖರ್ಜೂರ ತಿಂದು ಜೀವ ಹಿಡಿದರು. ಅನ್ಯರ ಮನೆಯ ಅನ್ನ ಮುಟ್ಟಲಿಲ್ಲ, ಆಚಾರ ಬಿಡಲಿಲ್ಲ. ಕೊನೆಗೆ ಹಾದುಹೋಗುವ ದೋಣಿಯೊಂದು ಅವರನ್ನು ಮಸ್ಕತ್ತಿಗೆ ತಂದು ಬಿಟ್ಟಿತು. ಅಲ್ಲಿ ಬಿಳಿಯ ಅಧಿಕಾರಿ, 'ನಿನ್ನನ್ನು ಉಳಿಸಿದವರು ಯಾರು?' ಎಂದು ಕೇಳಿದಾಗ ಮುತ್ತಜ್ಜ ಕೈಮುಗಿದು, 'ದೇವರು. ಮನುಷ್ಯರ ಮುಖ ನಾನು ನೋಡಲೇ ಇಲ್ಲ' ಎಂದರಂತೆ. ಅಪ್ಪ ಕಥೆ ಹೇಳುವಾಗ ಇಲ್ಲಿಗೆ ಬಂದಾಗ ಕಣ್ಣು ಒರೆಸಿಕೊಳ್ಳುತ್ತಿದ್ದರು. ನಾವೂ ಒರೆಸಿಕೊಳ್ಳುತ್ತಿದ್ದೆವು.

ಆ ಮಾತಿನ ಬೆಲೆ ಏನೆಂದು ತಿಳಿಯಬೇಕಾದರೆ ಆ ಕಾಲ ತಿಳಿಯಬೇಕು. ಸಮುದ್ರ ದಾಟಿದವನನ್ನು ಊರು ಒಳಗೆ ಬಿಟ್ಟುಕೊಳ್ಳುತ್ತಿದ್ದದ್ದೇ ಕಷ್ಟ. ಮ್ಲೇಚ್ಛರ ಮನೆಯಲ್ಲಿ ಉಂಡನೆಂದರೆ ಮುಗಿಯಿತು — ಅದರಲ್ಲೂ ಅಡುಗೆಯವನು. ಅವನು ಬಡಿಸಿದ ಎಲೆಗೆ ಯಾರು ಕೈಹಾಕುತ್ತಾರೆ? ಖರ್ಜೂರ ಹಣ್ಣು, ಹಣ್ಣಿಗೆ ದೋಷವಿಲ್ಲ. ಹಾಗಾಗಿ ಸಣ್ಣದೊಂದು ಪ್ರಾಯಶ್ಚಿತ್ತದಲ್ಲಿ ಮುತ್ತಜ್ಜ ಒಳಗೆ ಬಂದರು. ಬಂದವರು ಸೀಮೆಗೇ ದೊಡ್ಡ ಅಡುಗೆಯವರಾದರು. 'ಖರ್ಜೂರ ಭಟ್ರು' ಎಂದರೆ ಗೊತ್ತಿಲ್ಲದವರಿರಲಿಲ್ಲ. ಅವರು ಊರು ಮುಟ್ಟಿದ ತಿಥಿಯಂದು ಇಂದಿಗೂ ನಮ್ಮ ಮನೆತನದಲ್ಲಿ ಒಲೆ ಹಚ್ಚುವುದಿಲ್ಲ. ಇಡೀ ದಿನ ಖರ್ಜೂರ ಮತ್ತು ನೀರು. ಬೆಳಿಗ್ಗೆ ಮಕ್ಕಳಿಗೆ ಅದು ಹಬ್ಬ. ಮಧ್ಯಾಹ್ನ ದಾಟುವಷ್ಟರಲ್ಲಿ ಖರ್ಜೂರ ಕಂಡರೆ ವಾಂತಿ ಬರುವ ಹಾಗಾಗುತ್ತದೆ. ಸಂಜೆ ಹಿರಿಯರು ಕಥೆ ಹೇಳುತ್ತಾರೆ. ಈಗ ಕೇಟರಿಂಗ್ ನಡೆಸುವ ನನ್ನ ಅಣ್ಣ ಆ ಕಥೆಯನ್ನು ತನ್ನ ಬೋರ್ಡಿನ ಮೇಲೂ ಬರೆಸಿದ್ದಾನೆ — 'ಆಚಾರ ಬಿಡದ ಪರಂಪರೆ'.

ನನಗೆ ಅನುಮಾನ ಬರಬೇಕಿತ್ತು. ನಾನು ಫಿಸಿಯೋಥೆರಪಿ ಓದಿದವಳು. ನಡುಮನೆಯಲ್ಲಿ ಮುತ್ತಜ್ಜನ ಒಂದು ಫೋಟೋ ಇದೆ, ಪಂಚೆ ಮೊಣಕಾಲ ತನಕ ಎತ್ತಿ ಕಟ್ಟಿ ಕುರ್ಚಿಯಲ್ಲಿ ಕೂತದ್ದು. ಎಡಗಾಲು ಮೊಣಕಾಲ ಕೆಳಗೆ ತುಸು ಸೊಟ್ಟ. ಹಡಗು ಒಡೆದಾಗ ಮುರಿದದ್ದಂತೆ. ಓದು ಮುಗಿಸಿ ಊರಿಗೆ ಹೋದ ವರ್ಷ ಆ ಫೋಟೋ ನೋಡಿ, 'ಇಷ್ಟು ಸಮ ಕೂಡಿದ್ದು ಹೇಗೆ? ಇದನ್ನು ಯಾರೋ ಎಳೆದು ಕಟ್ಟಿದ ಹಾಗಿದೆಯಲ್ಲ' ಎಂದು ಒಂದು ಕ್ಷಣ ಅನಿಸಿತ್ತು. ಹಾಗೆ ಮುರಿದ ಕಾಲನ್ನು ಗುಹೆಯಲ್ಲಿ ಒಬ್ಬನೇ ಕೂತು ಸರಿಮಾಡಿಕೊಳ್ಳಲು ಆಗುವುದಿಲ್ಲ. ಅಷ್ಟರಲ್ಲಿ ಅತ್ತಿಗೆ ಕಾಫಿ ತಂದರು. ಕುಡಿದೆ. ಅನುಮಾನವೂ ಹೊಟ್ಟೆಯೊಳಗೆ ಇಳಿದುಹೋಯಿತು.

ಮದುವೆಯಾಗಿ ಮಸ್ಕತ್ತಿಗೆ ಬಂದೆ. ದಾರ್ಸೈಟಿನಲ್ಲಿ ಮನೆ, ಬೌಷರಿನ ಒಂದು ಕ್ಲಿನಿಕ್ಕಿನಲ್ಲಿ ಕೆಲಸ. ಮುತ್ತಜ್ಜ ಬಂದಿಳಿದ ಊರಲ್ಲೇ ನನ್ನ ಅನ್ನದ ಋಣ ಎಂದು ಅಪ್ಪನಿಗೆ ಬಹಳ ಹೆಮ್ಮೆ. ಅಮ್ಮ ತೀರಿಕೊಂಡ ಮೇಲೆ ಅಪ್ಪ ಕೆಲವು ತಿಂಗಳು ನಮ್ಮ ಜೊತೆ ಇರಲು ಬಂದರು. ಆ ಚಳಿಗಾಲದಲ್ಲೇ ಕ್ಲಿನಿಕ್ಕಿಗೆ ಮರಿಯಂ ಬಂದದ್ದು.

ಮರಿಯಂ ಹೊರ್ಮುಜ್ ಜಲಸಂಧಿಯ ದಡದ ಖಸಬ್‌ನವರು. ಮಂಡಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಬೌಷರಿನಲ್ಲಿ ಬ್ಯಾಂಕ್ ಕೆಲಸದಲ್ಲಿದ್ದ ಮೊಮ್ಮಗಳು ಶಂಸಾಳ ಮನೆಯಲ್ಲಿದ್ದರು. ಶಂಸಾ ಅವರನ್ನು ಹಬೂಬಾ ಎಂದು ಕರೆಯುತ್ತಿದ್ದಳು. ಇಲ್ಲಿ ಅಜ್ಜಿಗೆ ಹಾಗನ್ನುತ್ತಾರೆ. ನಾನೂ ಹಾಗೇ ಕರೆದೆ. ಅವರು ನನ್ನನ್ನು ಬಿಂತಿ, ಮಗಳೇ, ಎಂದರು. ಬಂದರಿನ ಊರಿನವರಾದ್ದರಿಂದ ಹಳೇ ಕಾಲದ ಅಂಗಡಿ ಹಿಂದಿ ಅವರಿಗೆ ಬರುತ್ತಿತ್ತು, ನನ್ನ ಹಿಂದಿಯೂ ಅದೇ ದರ್ಜೆಯದು. ಹಾಗಾಗಿ ನಮ್ಮ ಮಾತು ಸಲೀಸು. ಮಂಡಿ ಬಗ್ಗಿಸುವಾಗ ನೋವಿಗೆ ಅವರು ನನಗೆ ಬೈಯುತ್ತಿದ್ದರು, ಮುಗಿದ ಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟು ಹರಸುತ್ತಿದ್ದರು. ಅಮ್ಮ ಹೋದ ವರ್ಷ ಅದು. ಆ ಕೈಯ ಭಾರ ನನಗೆ ಎಷ್ಟು ಬೇಕಾಗಿತ್ತು ಎಂದು ಅವರಿಗೆ ಗೊತ್ತಿರಲಿಲ್ಲ.

ಒಂದು ದಿನ ನೋವು ಮರೆಸಲೆಂದು ನಾನೇ ಕೇಳಿದೆ, 'ಹಬೂಬಾ, ಹಿಂದಿ ಎಲ್ಲಿ ಕಲಿತಿರಿ?' ಅವರು ನಕ್ಕು, 'ನಮ್ಮ ಮನೆಯಲ್ಲಿ ಒಬ್ಬ ಹಿಂದಿ ಇದ್ದ, ನಾನು ಹುಟ್ಟುವ ಮೊದಲು' ಎಂದರು. ಇಲ್ಲಿ ಭಾರತದವರನ್ನೆಲ್ಲ ಹಿಂದಿ ಎನ್ನುತ್ತಾರೆ. ಹಾಗೆ ಶುರುವಾಯಿತು.

ಅವರ ಅಜ್ಜಿ ಮೋಜಾ ಇದ್ದದ್ದು ಖಸಬ್‌ನಿಂದ ದೋಣಿಯಲ್ಲೇ ಹೋಗಬೇಕಾದ ಒಂದು ಹಳ್ಳಿಯಲ್ಲಿ, ಬೆಟ್ಟಗಳ ನಡುವೆ ಸಮುದ್ರ ಒಳನುಗ್ಗಿದ ಕಡೆ. ಬಿರುಗಾಳಿ ನಿಂತ ಮೇಲೆ ಮೋಜಾಳ ಗಂಡ ಮೀನಿಗೆ ಹೋದಾಗ ಬಂಡೆಯ ಮೇಲೆ ಮೂವರು ಸಿಕ್ಕಿದರು. ಹಡಗು ನಡೆಸುವ ಮುಖ್ಯಸ್ಥ, ತಂಡೇಲ, ಆಗಲೇ ಸತ್ತಿದ್ದ. ಒಬ್ಬ ಖಲಾಸಿ ಬಾಯಾರಿಕೆ ತಡೆಯದೆ ಉಪ್ಪುನೀರು ಕುಡಿದು ಹುಚ್ಚು ಹಿಡಿದ ಹಾಗಾಗಿದ್ದ. ದೋಣಿಯಲ್ಲಿ ಸಿಹಿನೀರು ಕೊಟ್ಟರೂ ಉಳಿಯಲಿಲ್ಲ. ಮೂರನೆಯವನು ಕಾಲು ಮುರಿದುಕೊಂಡ ಹುಡುಗ ವಯಸ್ಸಿನವನು. ತೀರಿಕೊಂಡ ಇಬ್ಬರಿಗೂ ಹಳ್ಳಿಯವರೇ ಗುಂಡಿ ತೋಡಿ ಮಣ್ಣುಕೊಟ್ಟರು. ಗೋರಿಗಳು ಈಗಲೂ ಇವೆ.

ನಮ್ಮ ಕಥೆಯಲ್ಲಿ ಆ ಇಬ್ಬರು ಇರಲಿಲ್ಲ. ಅದನ್ನು ಬರೆಯುವಾಗ ನಾಚಿಕೆಯಾಗುತ್ತದೆ. ನೂರು ವರ್ಷ ನಾವು ಹೇಳಿಕೊಂಡು ಬಂದ ಕಥೆಯಲ್ಲಿ, ಅದೇ ಬಂಡೆಯ ಮೇಲೆ ನೀರಿಲ್ಲದೆ ಸತ್ತ ನಮ್ಮದೇ ಊರ ಕಡೆಯ ಇಬ್ಬರಿಗೆ ಒಂದು ಸಾಲು ಜಾಗವಿರಲಿಲ್ಲ.

ಮರಿಯಂ ಹೇಳುತ್ತಾ ಹೋದರು. ಆ ಹುಡುಗನ ಭುಜದ ಮೇಲೆ ಒಂದು ದಾರ, ತಲೆಯ ಹಿಂದೆ ಜುಟ್ಟು. ಮೋಜಾಳ ಗಂಡ ಖರ್ಜೂರದ ಗರಿಯ ದಿಂಡು ಕಟ್ಟಿ ಎಡಗಾಲನ್ನು ಎಳೆದು ಕೂಡಿಸಿದ. ಜ್ವರದಲ್ಲಿ ಬಿದ್ದಿದ್ದವನಿಗೆ ಮೋಜಾ ಒಣ ನಿಂಬೆ ಹಾಕಿದ ಮೀನಿನ ಸಾರನ್ನು ಗುಟುಕು ಗುಟುಕಾಗಿ ಕುಡಿಸಿದಳು. ಎದ್ದು ಕೂತ ಮೇಲೆ ಅವನಿಗೆ ಸುಮ್ಮನಿರಲು ಆಗಲಿಲ್ಲ — ಒಲೆ ಕೇಳಿದ. ಅವನೊಬ್ಬ ಅಡುಗೆಯವನು. ಆಮೇಲೆ ಮನೆಯಲ್ಲಿ ಅಡುಗೆ ಅವನದೇ. ಮೀನು ಕೊಯ್ಯುವುದನ್ನು ಮೋಜಾಳಿಂದ ಕಲಿತ. ಬಡಿಸುವ ಮೊದಲು ಒಂದು ತುತ್ತು ಅನ್ನವನ್ನು ಬೆಂಕಿಗೆ ಹಾಕುತ್ತಿದ್ದ. 'ನಮ್ಮ ಮನೆಯಲ್ಲಿ ಈಗಲೂ ಹೆಂಗಸರು ಹಾಕುತ್ತಾರೆ. ಯಾಕೆ ಎಂದು ಕೇಳಿದರೆ, ಹಿಂದಿ ಹಾಕುತ್ತಿದ್ದ ಎನ್ನುತ್ತಾರೆ ಅಷ್ಟೇ' ಎಂದರು ಮರಿಯಂ.

ನನ್ನ ಕೈ ಅವರ ಮಂಡಿಯ ಮೇಲೆ ಹಾಗೇ ನಿಂತಿತು. ಒಡೆದ ಹಡಗು, ಅಡುಗೆಯವನು, ಎಡಗಾಲು. ನಗು ಬರುವ ಹಾಗಾಯಿತು — ನಮ್ಮ ಖರ್ಜೂರ ಭಟ್ರು ಬಂಗುಡೆ ಕೊಯ್ಯುತ್ತಾ ಕೂತದ್ದು ಕಣ್ಣಿಗೆ ಕಟ್ಟಿ. ಅದರ ಬೆನ್ನಿಗೇ ಇನ್ನೊಂದು ಹೊಳೆಯಿತು. ಯಾರೋ ಒಬ್ಬಳು, ಹೆಸರು ಮೋಜಾ, ಗುಟುಕು ಗುಟುಕಾಗಿ ಕುಡಿಸಿದ್ದಕ್ಕೆ ನಾವೆಲ್ಲ ಇದ್ದೇವೆ. ಅಜ್ಜ, ಅಪ್ಪ, ಅಣ್ಣ, ನಾನು, ನನ್ನ ಮಗಳು. ಅವರ ಕಾಲಿಗೆ ಬೀಳಬೇಕು ಅನಿಸಿತು. ಕಾಲು ನನ್ನ ಕೈಯಲ್ಲೇ ಇತ್ತು.

ಆಗಲೇ ಹೇಳಿಬಿಟ್ಟಿದ್ದರೆ — ಆದರೆ ಕಥೆ ಮುಗಿದಿರಲಿಲ್ಲ.

ಕಾಲು ಗಟ್ಟಿಯಾದ ಮೇಲೆ ಮೋಜಾಳ ಗಂಡ ಅವನನ್ನು ತನ್ನ ದೋಣಿಯಲ್ಲಿ ಕರೆದುಕೊಂಡು ಹೋಗಿ, ಮಸ್ಕತ್ತಿಗೆ ಹೊರಟಿದ್ದ ಹಡಗಿಗೆ ಹತ್ತಿಸಿ ಬಂದ. ಜೊತೆಗೆ ಬೇರೆ ಯಾರೂ ಇರಲಿಲ್ಲ. ಕೆಲವು ವಾರದ ಮೇಲೆ ಬ್ರಿಟಿಷರ ಹೊಗೆಹಡಗು ಬಂತು. ಸರಕಿನ ಮಾಲೀಕರು ದೂರು ಕೊಟ್ಟಿದ್ದರಂತೆ. ತೇಲಿಬಂದ ಹಲಗೆಗಳು, ಒಂದಷ್ಟು ಹೆಂಚು ಹಳ್ಳಿಯ ಅಂಗಳಗಳಲ್ಲಿ ಸಿಕ್ಕಿದವು. ಹಡಗು ಲೂಟಿ ಮಾಡಿ ಜನರನ್ನು ಕೊಂದಿದ್ದೀರಿ ಎಂದ ಅಧಿಕಾರಿ. ಇಲ್ಲ, ಒಬ್ಬನನ್ನು ಉಳಿಸಿ ಮಸ್ಕತ್ತಿಗೆ ಕಳಿಸಿದ್ದೇವೆ, ಅವನನ್ನೇ ಕೇಳಿ ಎಂದರು ಇವರು. 'ನಿಮ್ಮ ಮನೆಯಲ್ಲಿದ್ದೆ ಎಂದು ಹೇಳಿದವರು ಮಸ್ಕತ್ತಿಗೆ ಯಾರೂ ಬಂದಿಲ್ಲ' ಎಂದ ಅವನು. ಹಳ್ಳಿಯ ದೋಣಿಗಳನ್ನು ದಡಕ್ಕೆ ಎಳೆಸಿ ಸುಟ್ಟರು.

ಹಳ್ಳಿಗೆ ಒಂದೇ ಅರ್ಥ ಹೊಳೆಯಿತು. ಹುಡುಗನ ಸೊಂಟದಲ್ಲಿ ಬೆಳ್ಳಿಯ ಉಡಿದಾರವಿತ್ತು. ಮೋಜಾಳ ಗಂಡ ಅದನ್ನು ಕಿತ್ತುಕೊಂಡು ಹುಡುಗನನ್ನು ನೀರಿಗೆ ನೂಕಿದ್ದಾನೆ. ಸಾಕ್ಷಿ ಹೇಳಬೇಕಾದವನನ್ನು ಕೊಂದು ಇಡೀ ಹಳ್ಳಿಯ ದೋಣಿಗಳಿಗೆ ಬೆಂಕಿ ತಂದಿದ್ದಾನೆ. ಅಂದಿನಿಂದ ಅದು 'ಅತಿಥಿಯನ್ನು ಮುಳುಗಿಸಿದವರ ಮನೆ'. ಯಾವ ಜಗಳವಾದರೂ ಕೊನೆಗೆ ಆ ಮಾತು ಬರುತ್ತಿತ್ತು. ಹಳ್ಳಿಯಲ್ಲಿ ಆ ಮನೆಯ ಹೆಣ್ಣನ್ನು ಯಾರೂ ತರಲಿಲ್ಲ. ಮರಿಯಂ ಮದುವೆಯಾಗಿ ಖಸಬ್ ಸೇರಿದ್ದು ಹಾಗೆ.

'ನನ್ನ ಅಜ್ಜ ಅಂಥವನಲ್ಲ' ಎಂದರು ಮರಿಯಂ. 'ಅಜ್ಜಿ ಸಾಯುವ ತನಕ ಹೇಳುತ್ತಿದ್ದಳು, ಆ ಹಡಗು ದಾರಿಯಲ್ಲಿ ಮುಳುಗಿರಬೇಕು. ಹುಡುಗ ತಲುಪಿದ್ದರೆ ನಮ್ಮ ಪರವಾಗಿ ಹೇಳದೇ ಇರುತ್ತಿರಲಿಲ್ಲ ಎಂದು. ಬಿಂತಿ, ನೀನು ಅದೇ ಸಮುದ್ರದ ಆಚೆ ದಡದವಳು. ಇಂಥ ಒಬ್ಬನ ಮಾತು ನಿಮ್ಮ ಕಡೆ ಎಲ್ಲಾದರೂ ಕೇಳಿದ್ದೀಯಾ? ಅವನು ಮನೆ ಸೇರಿದನಾ?'

ಪಕ್ಕದಲ್ಲಿ ಕೂತಿದ್ದ ಶಂಸಾ ಫೋನ್ ಕೆಳಗಿಟ್ಟು ನನ್ನನ್ನೇ ನೋಡುತ್ತಿದ್ದಳು.

ಮನುಷ್ಯರ ಮುಖ ನಾನು ನೋಡಲೇ ಇಲ್ಲ — ಅಪ್ಪ ಕಣ್ಣೊರೆಸಿಕೊಳ್ಳುವ ಆ ಸಾಲು ನನ್ನ ಕಿವಿಯಲ್ಲಿ ಕೇಳಿಸಿತು. ನಮ್ಮ ಹೆಮ್ಮೆಯ ಸಾಲು. ಅದೇ ಸಾಲು ಇವರ ದೋಣಿ ಸುಟ್ಟಿತ್ತು.

'ಇಲ್ಲ ಹಬೂಬಾ, ಕೇಳಿಲ್ಲ' ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. 'ಬಹುಶಃ ದಾರಿಯಲ್ಲೇ ಮುಳುಗಿರಬೇಕು' ಎಂದೂ ಸೇರಿಸಿದೆ.

ಅವರು ತಲೆಯಾಡಿಸಿದರು. 'ಅಜ್ಜಿಯೂ ಹಾಗೇ ಹೇಳುತ್ತಿದ್ದಳು' ಎಂದು ಕಣ್ಣುಮುಚ್ಚಿ ಆ ಹುಡುಗನಿಗಾಗಿ ಪ್ರಾರ್ಥನೆ ಮಾಡಿದರು. ನಾನು ಮಂಡಿ ಬಗ್ಗಿಸುವ ಕೆಲಸ ಮುಂದುವರಿಸಿದೆ.

ಆಮೇಲೆ ನನಗೆ ನಾನೇ ಹೇಳಿಕೊಂಡ ಸಮಾಧಾನ ಏನು ಗೊತ್ತೇ? ತಲುಪಿದ ಎಂದರೆ, ತಲುಪಿಯೂ ಬಾಯಿ ಬಿಡಲಿಲ್ಲ ಎಂದಾಗುತ್ತದೆ, ಪಾಪ, ಮುದುಕಿಗೆ ಯಾಕೆ ನೋವು? ಕೇಳಲು ಎಷ್ಟು ಚೆನ್ನಾಗಿದೆ. ಆದರೆ ಸುಳ್ಳು. ಅವರ ನೋವು ಆ ಕ್ಷಣ ನನ್ನ ತಲೆಯಲ್ಲಿ ಇರಲೇ ಇಲ್ಲ. ಇದ್ದದ್ದು ಮುಂದಿನ ವಾರ. ಮುಂದಿನ ವಾರ ಖರ್ಜೂರದ ದಿನ. ಅಪ್ಪ ಮಸ್ಕತ್ತಿನಲ್ಲೇ ಇರುವುದರಿಂದ ಕನ್ನಡದವರನ್ನೆಲ್ಲ ದಾರ್ಸೈಟಿನ ಮನೆಗೆ ಕರೆದಿದ್ದೆ, ಅಪ್ಪನ ಬಾಯಲ್ಲೇ ಕಥೆ ಕೇಳಲಿ ಎಂದು. ಅಮ್ಮ ಹೋದ ಮೇಲೆ ಅಪ್ಪ ಮೊದಲ ಬಾರಿಗೆ ಯಾವುದಕ್ಕೋ ಕಾಯುತ್ತಿದ್ದರು.

ಜನ ಬಂದರು. ಧಾರವಾಡದವರು, ಮೈಸೂರಿನವರು, ನಮ್ಮ ಕಡೆಯವರು. ಅಪ್ಪ ಹೇಳಿದರು. ಬಿಳಿಯ ಅಧಿಕಾರಿಯ ಹತ್ತಿರ ಬಂದಾಗ ಕಣ್ಣೊರೆಸಿಕೊಂಡರು. ಹುಬ್ಬಳ್ಳಿಯ ಕಡೆಯ ಒಬ್ಬರು, 'ಎಂಥಾ ಮನಷ್ಯಾರೀ ಅವರು' ಎಂದರು. ನಾನು ರೂವಿ ಪೇಟೆಯಿಂದ ತಂದ ಒಳ್ಳೆಯ ಖರ್ಜೂರವನ್ನು ಎಲ್ಲರಿಗೂ ಹಂಚಿದೆ. ಮುತ್ತಜ್ಜ ಹೇಳಿದ ಸುಳ್ಳು ಅವರದ್ದು. ಆವತ್ತಿನವರೆಗೆ ಗೊತ್ತಿಲ್ಲದೆ ತಿಂದ ಖರ್ಜೂರವೂ ನನ್ನ ಲೆಕ್ಕಕ್ಕೆ ಬರಲಿಕ್ಕಿಲ್ಲ. ಆವತ್ತು ತಟ್ಟೆ ಹಿಡಿದು ಹಂಚಿದ್ದು ಮಾತ್ರ ನನ್ನದೇ.

ಮರಿಯಂ ಗುಣವಾಗಿ ಖಸಬ್‌ಗೆ ಹೋದರು. ಅಪ್ಪ ಊರಿಗೆ ಮರಳಿ ಮುಂದಿನ ವರ್ಷ ತೀರಿಕೊಂಡರು. ಅವರಿಗೂ ಹೇಳಲಿಲ್ಲ. ಇನ್ನು ಯಾರ ಹೆದರಿಕೆ? ಆದರೂ ಹೇಳಲಿಲ್ಲ. ಸುಳ್ಳು ಒಮ್ಮೆ ಕೂತರೆ ಮನೆಯ ಸಾಮಾನಿನ ಹಾಗೆ ಅಲ್ಲೇ ಇರುತ್ತದೆ. ಸುತ್ತ ಗುಡಿಸಿಕೊಂಡು ಇದ್ದುಬಿಡುತ್ತೇವೆ.

ಆಮೇಲೆ ಕೊರೋನಾ ಬಂತು. ವಿಮಾನಗಳು ನಿಂತಾಗ ಗಂಡ ಮಂಗಳೂರಿನಲ್ಲಿ ಸಿಕ್ಕಿಬಿದ್ದರು, ಮಗಳು ಅಲ್ಲೇ ಕಾಲೇಜಿನಲ್ಲಿದ್ದಳು. ದಾರ್ಸೈಟಿನ ಮನೆಯಲ್ಲಿ ನಾನೊಬ್ಬಳೇ, ಜ್ವರ ಬಂದು ಮಲಗಿದೆ. ಎದ್ದು ನೀರು ಕಾಯಿಸಲೂ ತ್ರಾಣವಿರಲಿಲ್ಲ. ಯಾರಿಂದಲೋ ಕೇಳಿ ಶಂಸಾ ಫೋನ್ ಮಾಡಿದಳು. ಅಂದಿನಿಂದ ದಿನಾ ಬಾಗಿಲ ಹೊರಗೆ ಒಂದು ಬಿಸಿ ಡಬ್ಬಿ. 'ಡಾಕ್ಟರ್, ಹಬೂಬಾ ಹೇಳಿಕೊಟ್ಟ ಹಾಗೇ ಮಾಡಿದ್ದೇನೆ. ಮೀನಿನದು. ನೀವು ತಿನ್ನುವುದಿಲ್ಲ ಎಂದು ಗೊತ್ತು. ಆದರೆ ಜ್ವರಕ್ಕೆ ಇದೇ ಆಗಬೇಕಂತೆ' ಎಂದು ಮೆಸೇಜು. ಮುಚ್ಚಳ ತೆಗೆದೆ. ಒಣ ನಿಂಬೆಯ ಹುಳಿ ವಾಸನೆ. ಗೋಡೆಗೆ ಒರಗಿ ಕೂತು, ಅಳುತ್ತಾ, ಕುಡಿದೆ. ಮರುದಿನ ಡಬ್ಬಿ ಬರುವುದನ್ನು ಕಾದೆ. ಅಷ್ಟು ರುಚಿಯಾದದ್ದನ್ನು ನಾನು ಜನ್ಮದಲ್ಲಿ ಉಂಡಿಲ್ಲ, ಇದನ್ನೂ ಒಪ್ಪಿಕೊಂಡುಬಿಡುತ್ತೇನೆ.

ಅಣ್ಣ ವಿಡಿಯೋ ಕಾಲ್ ಮಾಡಿ ಕೇಳಿದ, 'ಊಟಕ್ಕೆ ಎಂತ ಮಾಡ್ತಿ ಮಾರಾಯ್ತಿ?'

'ಗಂಜಿ ಮಾಡಿಕೊಳ್ತೇನೆ' ಎಂದೆ.

ಹೇಳಿ ಫೋನಿಟ್ಟ ಮೇಲೆ ಪಕ್ಕದಲ್ಲಿದ್ದ ಖಾಲಿ ಡಬ್ಬಿ ನೋಡಿದೆ. ಮುತ್ತಜ್ಜನ ಬಗ್ಗೆ ಒಳಗೊಳಗೇ ನನಗೆ ಸಿಟ್ಟಿತ್ತು, ಹೇಡಿ ಎಂದುಕೊಂಡಿದ್ದೆ. ಅವರಿಗಾದರೋ ಜಾತಿ ಹೋಗುತ್ತಿತ್ತು, ಕಸುಬು ಹೋಗುತ್ತಿತ್ತು, ಹೆಣ್ಣು ಸಿಗುತ್ತಿರಲಿಲ್ಲ. ನನಗೆ ಏನು ಹೋಗುತ್ತಿತ್ತು? ಅಣ್ಣ ಒಂದಷ್ಟು ಗೊಣಗುತ್ತಿದ್ದ, ಅಷ್ಟೇ. ಒಂದೇ ಮನೆಯವರ ಕೈಯ ಒಂದೇ ಸಾರು ಕುಡಿದು, ಒಂದೇ ಸುಳ್ಳು ಹೇಳಿದೆವು. ನನ್ನದಕ್ಕೆ ಕಾರಣವೂ ಇರಲಿಲ್ಲ.

ಅಷ್ಟು ಗೊತ್ತಾದ ಮೇಲಾದರೂ ಓಡಿಹೋಗಿ ಹೇಳಬೇಕಿತ್ತಲ್ಲವೇ? ಇಲ್ಲ. ಮತ್ತೆ ವರ್ಷಗಳು ಕಳೆದವು. ಈ ಚಳಿಗಾಲದಲ್ಲಿ ಶಂಸಾ, ಹಬೂಬಾಗೆ ಈಗ ಏಳಲು ಆಗುವುದಿಲ್ಲ, ನಿಮ್ಮನ್ನು ನೆನೆಸುತ್ತಿರುತ್ತಾರೆ ಎಂದಾಗ, ಸಾಯುವ ಮೊದಲು ಹೇಳದಿದ್ದರೆ ಎಂಬ ಭಯ ಹುಟ್ಟಿತು. ಹಡಗಿನಲ್ಲಿ ಖಸಬ್‌ಗೆ ಹೊರಟೆ. ದಾರಿಯುದ್ದಕ್ಕೂ ನೀರಿನಿಂದ ನೇರ ಎದ್ದ ಬೆಟ್ಟಗಳು. ಒಂದು ಮರವಿಲ್ಲ, ಒಂದು ಪೊದೆಯಿಲ್ಲ, ಬೋಳು ಕಲ್ಲು. ಖಸಬ್ ಹತ್ತಿರವಾದಾಗ ಕಣಿವೆಯ ಬಾಯಲ್ಲಿ ಖರ್ಜೂರದ ತೋಟಗಳು ಕಂಡವು, ನೀರು ಹಾಯಿಸಿ, ಬೇಲಿ ಹಾಕಿ, ಮನುಷ್ಯರು ಬೆಳೆಸಿದವು. ಗುಹೆಯಲ್ಲಿ ಖರ್ಜೂರ ಎಲ್ಲಿಂದ ಬಂತು ಎಂದು ನಮ್ಮ ಮನೆಯಲ್ಲಿ ಒಬ್ಬರೂ ಕೇಳಿರಲಿಲ್ಲ. ಹೊಟ್ಟೆ ತುಂಬಾ ತಿಂದೆವು, ಕೊಟ್ಟವರು ಯಾರು ಎಂದು ಕೇಳಲಿಲ್ಲ.

ಮರಿಯಂ ಹಾಸಿಗೆಯಲ್ಲಿ ದಿಂಬಿಗೆ ಒರಗಿದ್ದರು. ಶಂಸಾ ಪಕ್ಕದಲ್ಲಿ ಕೂತಿದ್ದಳು. ಕಾಫಿ ಬಂತು. ಕುಡಿಯುವ ಮೊದಲೇ ಹೇಳಿದೆ. 'ಹಬೂಬಾ, ಆವತ್ತು ನಾನು ಸುಳ್ಳು ಹೇಳಿದೆ. ಆ ಹುಡುಗ ನನ್ನ ಮುತ್ತಜ್ಜ. ಅವರು ತಲುಪಿದ್ದರು.'

ಶಂಸಾ ಕಾಫಿಯ ಬಟ್ಟಲು ಕೆಳಗಿಟ್ಟಳು. 'ಡಾಕ್ಟರ್, ನಿಮಗೆ ಆವತ್ತೇ ಗೊತ್ತಿತ್ತಾ?' ಎಂದಳು. ಹೌದು ಎಂದೆ. ಅವಳು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತಳು.

ಮರಿಯಂ ನನ್ನ ಕೈ ಹಿಡಿದುಕೊಂಡು ಬಹಳ ಹೊತ್ತು ನನ್ನ ಮುಖ ನೋಡಿದರು, ಯಾರದೋ ಹೋಲಿಕೆ ಹುಡುಕುವ ಹಾಗೆ. ಅವರ ಅಜ್ಜಿ ಕಂಡಿದ್ದ ಆ ಮುಖವನ್ನು ಅವರು ಕಂಡೇ ಇರಲಿಲ್ಲ. 'ತಲುಪಿದನಾ' ಎಂದರು. 'ಅಲ್‌ಹಮ್ದುಲಿಲ್ಲಾ.' ಆಮೇಲೆ, 'ಕಾಲು? ಕಾಲು ಸರಿಯಾಯಿತಾ?' ಎಂದರು.

'ಆಯಿತು. ಸಾಯುವ ತನಕ ಆ ಕಾಲಲ್ಲೇ ನಿಂತು ಸಾವಿರಾರು ಜನಕ್ಕೆ ಅಡುಗೆ ಮಾಡಿದರು.'

ಅವರ ಕಣ್ಣಲ್ಲಿ ನೀರು ಬಂತು. ತನ್ನ ಅಜ್ಜ ಕಟ್ಟಿದ ಕಾಲು ಅದು. ಅಷ್ಟಾದ ಮೇಲೆ ಅವರು ಕೇಳಿದರು, ನಾನು ಹೆದರಿದ್ದದ್ದನ್ನೇ. 'ಮತ್ತೆ ಯಾಕೆ ನಮ್ಮ ಪರವಾಗಿ ಹೇಳಲಿಲ್ಲ?'

ಏನೇನೋ ಸಿದ್ಧಮಾಡಿಕೊಂಡು ಹೋಗಿದ್ದೆ, ಆ ಕಾಲ, ಆ ಕಟ್ಟುಪಾಡು. ಅವನ್ನೆಲ್ಲ ಬಿಟ್ಟೆ. ಇದ್ದದ್ದನ್ನೇ ಹೇಳಿದೆ. 'ನಿಮ್ಮ ಮನೆಯಲ್ಲಿ ಉಂಡಿದ್ದೆ ಎಂದು ಹೇಳಲು ಅವರಿಗೆ ನಾಚಿಕೆಯಾಯಿತು.'

ಅವರಿಗೆ ಅರ್ಥವಾಗಲಿಲ್ಲ. ಉಂಡದ್ದಕ್ಕೆ ನಾಚಿಕೆ ಯಾಕೆ ಎಂದು ಶಂಸಾಳನ್ನು ಅರಬ್ಬಿಯಲ್ಲಿ ಕೇಳಿದರು. ಶಂಸಾ ಕಿಟಕಿಯಿಂದ ತಿರುಗದೆ ಏನೋ ಹೇಳಿದಳು, ನಿಧಾನವಾಗಿ. ಮರಿಯಂ ನನ್ನ ಕೈ ಬಿಟ್ಟರು. ಕೊಡವಿ ಬಿಡಲಿಲ್ಲ, ಮೆಲ್ಲಗೆ ಹಾಸಿಗೆಯ ಮೇಲೆ ಇಟ್ಟರು. ಅದಕ್ಕಿಂತ ಒಂದು ಏಟು ಕೊಟ್ಟಿದ್ದರೆ ನಾನು ಸುಖವಾಗಿ ಇರುತ್ತಿದ್ದೆ.

ಆಮೇಲೆ ಅವರು ಹೇಳಿದ್ದು ಇಷ್ಟು: 'ನನಗೆ ಹೇಳಿದರೆ ಆಗಲಿಲ್ಲ ಬಿಂತಿ. ನಾನು ಅಜ್ಜನನ್ನು ಯಾವತ್ತೂ ಅನುಮಾನಿಸಲಿಲ್ಲ. ಅನುಮಾನಿಸಿದವರ ಮುಂದೆ ಹೇಳು. ಹಳ್ಳಿಗೆ ಹೋಗಿ ಹೇಳು.'

ಹೇಳುತ್ತೇನೆ ಎಂದೆ. ಕ್ಷಮಿಸಿ ಎಂದು ಕೇಳಲಿಲ್ಲ. ಕೇಳುವ ಹಕ್ಕು ಇನ್ನೂ ಬಂದಿಲ್ಲ ಅನಿಸಿತು.

ಅಣ್ಣನಿಗೆ ಫೋನ್ ಮಾಡಿ ಎಲ್ಲ ಹೇಳಿದೆ, ಗಂಜಿಯ ವಿಷಯವನ್ನೂ. 'ನಿಂಗೆ ಮಂಡೆ ಸಮ ಉಂಟಾ?' ಎಂದ. 'ಸತ್ತವರ ಮರ್ಯಾದೆ ತೆಗಿಲಿಕ್ಕೆ ಹೊರಟಿದ್ದೀಯಾ? ನಮ್ಮ ಬಿಸಿನೆಸ್ಸಿಗೆ ಎಂತ ಆಗ್ತದೆ ಅಂತ ಗೊತ್ತುಂಟಾ?' ಸತ್ತವರು ಆ ಕಡೆಯೂ ಇದ್ದಾರೆ ಅಣ್ಣಾ, ಅವರ ಮರ್ಯಾದೆ ನಾವು ನೂರು ವರ್ಷ ಕಿತ್ತಿಟ್ಟುಕೊಂಡಿದ್ದೇವೆ ಎಂದೆ. ಫೋನ್ ಕಟ್ ಮಾಡಿದ. ಆಮೇಲೆ ಮಾತಿಲ್ಲ. ಅವನ ಮೇಲೆ ನನಗೆ ಸಿಟ್ಟಿಲ್ಲ. ಆರೇಳು ವರ್ಷ ನಾನೂ ಅವನೇ ಆಗಿದ್ದೆ.

ಬರುವ ಶುಕ್ರವಾರ ಹೋಗುತ್ತಿದ್ದೇನೆ. ಹಳ್ಳಿಯಲ್ಲಿ ಈಗ ಕೆಲವೇ ಮನೆಗಳಿವೆಯಂತೆ. ಖಸಬ್‌ಗೆ ಹೋಗಿ ನೆಲೆಸಿದವರನ್ನೂ ಶಂಸಾಳ ತಂದೆ ಕರೆದಿದ್ದಾರೆ. ನಮಾಜಿನ ನಂತರ ಎಲ್ಲರೂ ಸೇರುತ್ತಾರೆ. ಮರಿಯಂ ಬರುತ್ತೇನೆಂದು ಹಟ ಹಿಡಿದಿದ್ದಾರೆ. ಕುರ್ಚಿಯಲ್ಲಿ ಕೂರಿಸಿ ದೋಣಿಗೆ ಹತ್ತಿಸಬೇಕು. ಮಂಡಿ ಹೇಗೆ ಹಿಡಿಯಬೇಕೆಂದು ನಾನು ತೋರಿಸಿಕೊಡುತ್ತೇನೆ. ಶಂಸಾ ಇನ್ನೂ ನನ್ನೊಂದಿಗೆ ಮೊದಲಿನ ಹಾಗೆ ಮಾತಾಡುತ್ತಿಲ್ಲ. ಆದರೆ ನಾನು ಹೇಳಬೇಕಾದ ಮಾತನ್ನು ಅರಬ್ಬಿಯಲ್ಲಿ ಹೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಿದ್ದಾಳೆ. ಕ್ಲಿನಿಕ್ಕಿಗೆ ಹೋಗುವ ದಾರಿಯಲ್ಲಿ ಕಾರಿನಲ್ಲಿ ಅದನ್ನು ಹಾಕಿಕೊಂಡು, ಸಿಗ್ನಲ್ಲುಗಳಲ್ಲಿ ನಿಂತಾಗ ಹೇಳಿ ಹೇಳಿ ಕಲಿಯುತ್ತಿದ್ದೇನೆ. ಅಂಗಡಿ ಹಿಂದಿಯಲ್ಲಿ ಹೇಳಿದರೆ ಸಾಕಿತ್ತು, ಆದರೆ ಮಕ್ಕಳಿಗೂ ಅರ್ಥವಾಗಬೇಕು.

ನಾಲ್ಕೇ ವಾಕ್ಯ. ನನ್ನ ಮುತ್ತಜ್ಜ ಮೋಜಾಳ ಮನೆಯಲ್ಲಿ ಉಂಡು ಬದುಕಿದರು. ಮೋಜಾಳ ಗಂಡ ಅವರನ್ನು ಕ್ಷೇಮವಾಗಿ ಹಡಗು ಹತ್ತಿಸಿದರು, ಅವರು ಮಸ್ಕತ್ ತಲುಪಿದರು. ಅಲ್ಲಿ ಕೇಳಿದಾಗ ಅವರು ಈ ಮನೆಯ ಹೆಸರು ಹೇಳಲಿಲ್ಲ. ಇಲ್ಲಿ ಕೇಳಿದಾಗ ನಾನೂ ಹೇಳಲಿಲ್ಲ.

ಅಷ್ಟು ಹೇಳಿ ಕೂತುಕೊಳ್ಳುತ್ತೇನೆ. ಆಮೇಲೆ ಮಾತು ಅವರದ್ದು.